ಬಾಯಿಗೂ ಎದೆಗೂ ನಡುವೆ: ಮೊದಲ ಹಾಲಿನ ಚರಿತ್ರೆ

ದಿನ ತುಂಬಿ ಹುಟ್ಟಿದ, ಆರೋಗ್ಯವಾಗಿರುವ ಮಗುವನ್ನು ಒರೆಸಿ, ತಾಯಿಯ ಬರಿಮೈ ಮೇಲೆ ಬೋರಲು ಮಲಗಿಸಿ, ಮೇಲೊಂದು ಬಟ್ಟೆ ಹೊದಿಸಿ ಬಿಟ್ಟುಬಿಟ್ಟರೆ, ಸಾಮಾನ್ಯವಾಗಿ ಒಂದು ಗಂಟೆ ಆಸುಪಾಸಿನಲ್ಲಿ ಅದು ತಾನೇ ಮೊಲೆಯನ್ನು ಹುಡುಕಿಕೊಂಡು ಹೋಗಿ ಚೀಪತೊಡಗುತ್ತದೆ. ಯಾರೂ ಹಿಡಿದು ತೋರಿಸಬೇಕಿಲ್ಲ. ಮನುಷ್ಯಜಾತಿಯಷ್ಟೇ ಹಳೆಯದಾದ ಈ ಸಾಮರ್ಥ್ಯ ನಿಮಿಷಗಳ ಲೆಕ್ಕದೊಂದಿಗೆ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾದದ್ದು 1987ರಲ್ಲಿ. ನೋಡುವುದಕ್ಕೆ ದುರ್ಬೀನೂ ಬೇಕಿರಲಿಲ್ಲ, ಸೂಕ್ಷ್ಮದರ್ಶಕವೂ ಬೇಕಿರಲಿಲ್ಲ, ಸುಮ್ಮನಿರುವುದೊಂದೇ ಬೇಕಿತ್ತು. ಆದರೆ ಹೆರಿಗೆಯ ಕೋಣೆಯಲ್ಲಿ ಸುಮ್ಮನಿರಲು ಯಾರೂ ಸಿದ್ಧರಿರಲಿಲ್ಲ. ಮಗುವಿನ ಬಾಯಿಗೂ ತಾಯಿಯ ಎದೆಗೂ ನಡುವೆ ಎರಡು ಸಾವಿರ ವರ್ಷಗಳ ಕಾಲ ಒಬ್ಬರಲ್ಲ ಒಬ್ಬರು ನಿಂತೇ ಇದ್ದರು: ವೈದ್ಯ, ಪುರೋಹಿತ, ಮನೆಯ ಹಿರಿಯಳು, ಕೊನೆಗೆ ಆಸ್ಪತ್ರೆಯ ನರ್ಸು.

ಭಾರತದ ಮಟ್ಟಿಗೆ ಈ ಚರಿತ್ರೆಯ ಹಳೆಯ ಲಿಖಿತ ದಾಖಲೆಗಳು ಆಯುರ್ವೇದದ ಸಂಹಿತೆಗಳು. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ, ಹೆರಿಗೆಯಾದ ಮೂರು ಅಥವಾ ನಾಲ್ಕು ರಾತ್ರಿಗಳ ಮೇಲೆ ಹೆಂಗಸಿಗೆ ಹಾಲು ಇಳಿಯುತ್ತದೆ ಎಂದು ಹೇಳಿದೆ. ಕಂಡದ್ದು ಸರಿಯಾಗಿಯೇ ಇತ್ತು. ಮಾಸು ಬಿದ್ದ ಮೇಲೆ ತಾಯಿಯ ರಕ್ತದಲ್ಲಿ ಪ್ರೊಜೆಸ್ಟೆರೋನ್ ಎಂಬ ಹಾರ್ಮೋನು ಇಳಿಯುತ್ತದೆ, ಆ ಇಳಿತವೇ ಹಾಲು ತುಂಬುವುದಕ್ಕೆ ಸೂಚನೆ, ತುಂಬಿ ಎದೆ ಭಾರವಾಗುವುದು ಎರಡು ಮೂರು ದಿನಗಳಲ್ಲಿ ಎಂದು ಇಂದಿನ ಶರೀರಶಾಸ್ತ್ರವೂ ಹೇಳುತ್ತದೆ. ತಪ್ಪಿದ್ದು ಕಂಡದ್ದರಿಂದ ತೆಗೆದ ತೀರ್ಮಾನದಲ್ಲಿ. ಹಾಲು ಇಳಿಯುವವರೆಗೆ ಮಗುವಿಗೆ ಬೇರೇನಾದರೂ ಕೊಡಬೇಕಲ್ಲ ಎಂದು ಮೊದಲ ದಿನ ಮೂರು ಸಲ ಜೇನು, ತುಪ್ಪಕ್ಕೆ ಮೂಲಿಕೆ ಸೇರಿಸಿ ನೆಕ್ಕಿಸುವುದನ್ನು, ಎರಡನೆಯ ಮತ್ತು ಮೂರನೆಯ ದಿನ ಔಷಧಿ ಹಾಕಿ ಕಾಯಿಸಿದ ತುಪ್ಪವನ್ನು ವಿಧಿಸಲಾಯಿತು. ಎದೆಗೆ ಹಾಕುವುದು ಅದೆಲ್ಲ ಮುಗಿದ ಮೇಲೆ. ಚರಕ ಸಂಹಿತೆಯ ದಾರಿ ಬೇರೆ. ಅಲ್ಲಿ ಜಾತಕರ್ಮದ ಜೇನುತುಪ್ಪ ನೆಕ್ಕಿಸಿದ ಬೆನ್ನಿಗೇ ಬಲಗಡೆಯ ಮೊಲೆಯನ್ನು ಮೊದಲು ಕೊಡಬೇಕೆಂದಿದೆ. ಒಂದೇ ಪರಂಪರೆಯಲ್ಲಿ ಎರಡು ಮಾತಿದ್ದಾಗ ಮುಂದಿನವರು ಯಾವುದನ್ನಾದರೂ ಹಿಡಿಯಬಹುದಿತ್ತು; ಜನಬಳಕೆಯಲ್ಲಿ ಹೆಚ್ಚಾಗಿ ಉಳಿದದ್ದು ಕಾಯುವ ದಾರಿ.

ಅದೇ ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಇನ್ನೊಂದು ಮಾತಿದೆ. ಮಗುವನ್ನು ಮುಟ್ಟಿದರೆ, ನೋಡಿದರೆ, ಎತ್ತಿಕೊಂಡರೆ, ಕಡೆಗೆ ನೆನೆದರೂ ಸಾಕು, ತಾಯಿಗೆ ಹಾಲು ಹರಿಯುತ್ತದೆ. ಹಾಗೆ ಹರಿಯುವುದಕ್ಕೆ ಎಡೆಬಿಡದ ಸ್ನೇಹವೇ ಕಾರಣ ಎಂಬುದು ಅದರ ತಾತ್ಪರ್ಯ. ದನ ಸಾಕುವವರಿಗೆ ಇದು ಹೊಸದೇನಲ್ಲ. ಕರು ಬಿಟ್ಟರೆ ಹಸು ಸೊರ ಬಿಡುತ್ತದೆ, ಅಪರಿಚಿತರು ಕೆಚ್ಚಲಿಗೆ ಕೈ ಹಾಕಿದರೆ ಹಾಲು ಹಿಡಿದುಕೊಳ್ಳುತ್ತದೆ ಎಂಬುದು ಕೊಟ್ಟಿಗೆಯ ದಿನನಿತ್ಯದ ಅನುಭವ. ಹಾಲು ತಯಾರಾಗುವುದು ಬೇರೆ, ಹೊರಗೆ ಬರುವುದು ಬೇರೆ ಎಂಬ ತಿಳಿವು ‘ಸೊರ’ ಎಂಬ ಆ ಒಂದು ಪದದಲ್ಲೇ ಅಡಗಿದೆ. ಪ್ರಯೋಗಾಲಯದಲ್ಲಿ ಇದಕ್ಕೆ ಆಧಾರ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದಲ್ಲಿ. 1906ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್, ಪಿಟ್ಯುಟರಿ ಗ್ರಂಥಿಯ ಸಾರ ಗರ್ಭಕೋಶವನ್ನು ಸಂಕುಚಿಸುತ್ತದೆಂದು ತೋರಿಸಿದ; 1910ರಲ್ಲಿ ಒಟ್ ಮತ್ತು ಸ್ಕಾಟ್ ಅದೇ ಸಾರದಿಂದ ಹಾಲು ಚಿಮ್ಮುವುದನ್ನು ಕಂಡರು. ಆ ಸಾರದಲ್ಲಿದ್ದ ಆಕ್ಸಿಟೋಸಿನನ್ನು ಅಮೆರಿಕದ ವಿನ್ಸೆಂಟ್ ಡು ವಿನ್ಯೋ 1953ರಲ್ಲಿ ಕೃತಕವಾಗಿ ತಯಾರಿಸಿ ಎರಡು ವರ್ಷಗಳ ಮೇಲೆ ನೊಬೆಲ್ ಪಡೆದ. ಈ ನಡುವೆ 1948ರಲ್ಲಿ ನೈಲ್ಸ್ ನ್ಯೂಟನ್ ಮತ್ತು ಮೈಕೆಲ್ ನ್ಯೂಟನ್ ದಂಪತಿ, ಹಾಲೂಡುವ ತಾಯಿಯ ಕಾಲನ್ನು ಮಂಜುಗಡ್ಡೆಯ ನೀರಿನಲ್ಲಿ ಅದ್ದುವಂಥ ಕಿರುಕುಳ ಕೊಟ್ಟು ನೋಡಿದರು. ಮಗುವಿಗೆ ಸಿಕ್ಕ ಹಾಲು ಕಡಿಮೆಯಾಯಿತು, ಹಾರ್ಮೋನಿನ ಚುಚ್ಚುಮದ್ದು ಕೊಟ್ಟಾಗ ಮತ್ತೆ ಇಳಿಯಿತು. ಎದೆಯಲ್ಲಿ ಹಾಲಿದ್ದರೂ ಮನಸ್ಸು ಸ್ಥಿಮಿತದಲ್ಲಿಲ್ಲದಿದ್ದರೆ ಅದು ಮಗುವಿಗೆ ಸಿಗದು ಎಂಬುದು ಹೀಗೆ ಅಳತೆಗೆ ಸಿಕ್ಕಿತು.

ಮೊದಲ ಹಾಲಿನ ಮೇಲಿನ ಅನುಮಾನ ಭಾರತದ್ದು ಮಾತ್ರವಲ್ಲ. ಕ್ರಿ.ಶ. ಎರಡನೆಯ ಶತಮಾನದಲ್ಲಿ ರೋಮಿನಲ್ಲಿದ್ದ ಎಫೆಸಸ್ಸಿನ ಸೊರಾನಸ್ ಸ್ತ್ರೀರೋಗಗಳ ಬಗ್ಗೆ ಬರೆದ ಗ್ರಂಥ ಮುಂದೆ ಶತಮಾನಗಳ ಕಾಲ ಯುರೋಪಿನ ಪ್ರಮಾಣವಾಯಿತು. ಹೆರಿಗೆಯಿಂದ ಬಳಲಿದ ದೇಹದ ಹಾಲು ದಪ್ಪ, ಅರಗದು, ಸುಮಾರು ಇಪ್ಪತ್ತು ದಿನ ಅದು ಬೇಡ; ಮೊದಲು ಕಾಯಿಸಿದ ಜೇನು, ಆಮೇಲೆ ಬೇರೊಬ್ಬಳ ಹಾಲು ಎಂಬುದು ಅವನ ಅಭಿಪ್ರಾಯ. ಹುಟ್ಟಿದ ಕೂಡಲೇ ತಾಯಿಯೇ ಹಾಲೂಡಬೇಕು ಎಂದಿದ್ದ ಡಮಾಸ್ಟಿಸ್ ಎಂಬವನನ್ನು ಸೊರಾನಸ್ ಹೆಸರು ಹಿಡಿದು ಖಂಡಿಸಿದ್ದಾನೆ. ಡಮಾಸ್ಟಿಸನ ಆ ಸಲಹೆ ಇಂದು ತಿಳಿಯುವುದೂ ಆ ಖಂಡನೆಯಿಂದಲೇ. ವಾದದಲ್ಲಿ ಸೋತವನ ಮಾತು ಗೆದ್ದವನ ಪುಸ್ತಕದಲ್ಲಿ ಬದುಕಿಕೊಂಡಿತು.

ಕರ್ನಾಟಕದ ಮನೆಗಳಲ್ಲಿ ಈ ಅನುಮಾನಕ್ಕೆ ಒಂದು ವಿಚಿತ್ರ ಮುಖವಿದೆ. ಹಸುವೋ ಎಮ್ಮೆಯೋ ಈದ ಮೇಲಿನ ಮೊದಲ ದಿನಗಳ ಹಾಲಿಗೆ ಗಿಣ್ಣುಹಾಲು ಎಂದು ಹೆಸರು; ಬೆಲ್ಲ, ಏಲಕ್ಕಿ ಹಾಕಿ ಅದನ್ನು ಬೇಯಿಸಿದರೆ ಗಟ್ಟಿಯಾಗುವ ಗಿಣ್ಣು ಊರಿಗೆಲ್ಲ ಹಂಚಿ ತಿನ್ನುವಂಥ ತಿನಿಸು. ಕರುವಿನ ಪಾಲು ಉಳಿಸಿಯೇ ಕರೆಯಬೇಕು, ಗಿಣ್ಣು ಕುಡಿಯದ ಕರು ಉಳಿಯುವುದು ಕಷ್ಟ ಎಂಬುದು ದನ ಕಾಯುವವರಿಗೂ ಗೊತ್ತು. ಆದರೆ ಮನುಷ್ಯರ ಗಿಣ್ಣು, ಅಂದರೆ ಹಳದಿ ಛಾಯೆಯ ಅಂಟಂಟಾದ ಮೊದಲ ಹಾಲು, ಬಹಳ ಕಡೆ ಹಿಂಡಿ ಚೆಲ್ಲುವ ವಸ್ತುವಾಗಿತ್ತು. ಬಣ್ಣ ಕೆಟ್ಟದ್ದು, ಕೀವಿನಂತಿದೆ, ಒಂಬತ್ತು ತಿಂಗಳು ಎದೆಯಲ್ಲಿ ನಿಂತ ಹಾಲು, ಮಗುವಿಗೆ ಅರಗದು ಎಂಬ ಕಾರಣಗಳನ್ನು ಕೊಡುತ್ತಿದ್ದರು. ಆ ಹಳದಿ ಕ್ಯಾರೊಟಿನ್‌ನದು. ಅಂಟು, ಅದರಲ್ಲಿ ತುಂಬಿರುವ ಪ್ರೋಟೀನಿನದು. ಆ ಪ್ರೋಟೀನಿನ ದೊಡ್ಡ ಪಾಲು ಮಗುವಿನ ಕರುಳಿಗೆ ಒಳಲೇಪದಂತೆ ಹರಡಿ ಸೋಂಕು ತಡೆಯುವ ಪ್ರತಿಕಾಯಗಳು. ಮೊದಲ ದಿನ ಒಟ್ಟು ಬರುವುದೇ ಕೆಲವು ಚಮಚ. ಆದರೆ ಹೊಸ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದೂ ಅಷ್ಟಕ್ಕಷ್ಟೆ.

ಆ ಹಾಲಿನ ಬದಲಿಗೆ ಮನೆಮನೆಗೆ ಒಂದೊಂದು ಪದ್ಧತಿ: ಜೇನುತುಪ್ಪ, ಸಕ್ಕರೆ ನೀರು, ಹೊಟ್ಟೆ ತೊಳೆಯಲೆಂದು ಹರಳೆಣ್ಣೆ, ಹಸುವಿನ ಹಾಲಿಗೆ ನೀರು ಬೆರೆಸಿದ್ದು. ಕೊಡುವ ಸಾಧನಗಳೂ ಬಗೆಬಗೆ. ಹಾಲಿನಲ್ಲಿ ಅದ್ದಿದ ಬಟ್ಟೆಯ ಬತ್ತಿಯನ್ನು ಬಾಯಿಗಿಟ್ಟರೆ ಮಗು ಚೀಪುತ್ತಿತ್ತು. ಇನ್ನೊಂದು ಒಳಲೆ. ತುದಿ ಚೂಪಾಗಿ ದೋಣಿಯಂತಿರುವ ಈ ಪುಟ್ಟ ಪಾತ್ರೆ ಬೆಳ್ಳಿಯದೋ ಹಿತ್ತಾಳೆಯದೋ ಆಗಿರುತ್ತಿತ್ತು. ತಮಿಳರಿಗೆ ಇದೇ ಪಾಲಾಡೈ. ಮಜಾ ಏನೆಂದರೆ, ರಬ್ಬರ್ ತೊಟ್ಟಿನ ಬಾಟಲಿಗಿಂತ ಒಳಲೆ ತೊಳೆಯಲು ಸುಲಭ, ಮಗುವಿಗೆ ಮೊಲೆತೊಟ್ಟಿನ ಗೊಂದಲವನ್ನೂ ಉಂಟುಮಾಡದು ಎಂದು ಈಗ ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಆರೈಕೆಯ ಘಟಕಗಳಲ್ಲಿ ಅದರ ಸ್ಟೀಲಿನ ರೂಪ ಮತ್ತೆ ಕಾಣಿಸಿಕೊಂಡಿದೆ. ಅದರಲ್ಲಿ ಕುಡಿಸುವುದು ಈಗ ತಾಯಿಯೇ ಹಿಂಡಿಕೊಟ್ಟ ಹಾಲನ್ನು.

ಹಳೆಯ ಬಾಣಂತನವನ್ನು ಬರೀ ಮೂಢನಂಬಿಕೆಯ ಪಟ್ಟಿಯಾಗಿ ನೋಡಿದರೆ ಅರ್ಧ ಚರಿತ್ರೆ ಬಿಟ್ಟುಹೋಗುತ್ತದೆ. ಮೊದಲ ಎರಡು ಮೂರು ದಿನ ಹಾಲು ತಪ್ಪಿಸಿದ ಅದೇ ವ್ಯವಸ್ಥೆ ಆಮೇಲೆ ತಿಂಗಳುಗಟ್ಟಲೆ ತಾಯಿಮಗುವನ್ನು ಒಂದೇ ಕೋಣೆಯಲ್ಲಿ, ಒಂದೇ ಹಾಸಿಗೆಯಲ್ಲಿ ಇಟ್ಟಿತು. ತವರಿನಲ್ಲಿ ಬಾಣಂತಿಗೆ ಮನೆಗೆಲಸದ ಹೊರೆ ಇಲ್ಲ. ಹಾಲು ಹೆಚ್ಚಲೆಂದು ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ, ಬಡಗಣ ಸೀಮೆಯಲ್ಲಾದರೆ ಅಂಟಿನುಂಡೆ. ಮಗು ಅತ್ತಾಗ ಹಾಲೂಡಲು ಗಡಿಯಾರ ನೋಡುವವರಿರಲಿಲ್ಲ. ಈ ಮೂರು, ಅಂದರೆ ಜೊತೆ, ಬಿಡುವು, ಕೇಳಿದಾಗ ಹಾಲು, ಇದ್ದುದರಿಂದಲೇ ತಡವಾಗಿ ಶುರುವಾದ ಹಾಲೂಡಿಕೆಯೂ ವರ್ಷಗಟ್ಟಲೆ ಮುಂದುವರಿಯುತ್ತಿತ್ತು. ಪಶ್ಚಿಮದ ಆಸ್ಪತ್ರೆಗಳು ಇಪ್ಪತ್ತನೆಯ ಶತಮಾನದಲ್ಲಿ ಕಳೆದುಕೊಂಡದ್ದು ಈ ಮೂರನ್ನೇ.

ಅದಕ್ಕೂ ಮೊದಲು ಯುರೋಪಿನಲ್ಲಿ ನಡುವೆ ನಿಂತವಳು ಕೂಲಿಗೆ ಹಾಲೂಡುವ ದಾದಿ. ಭಾರತದ ಸಂಹಿತೆಗಳಲ್ಲೂ ಧಾತ್ರಿಯ ಲಕ್ಷಣಗಳಿವೆ, ಅವಳ ಹಾಲನ್ನು ನೀರಿಗೆ ಬಿಟ್ಟು ತೇಲದೆ, ಮುಳುಗದೆ, ಎಳೆ ಬಿಡದೆ ಬೆರೆತರೆ ಒಳ್ಳೆಯದೆಂದು ಪರೀಕ್ಷಿಸುವ ಕ್ರಮವಿದೆ. ಆದರೆ ಫ್ರಾನ್ಸಿನಲ್ಲಿ ಅದು ದೊಡ್ಡ ವ್ಯಾಪಾರವಾಯಿತು. ಪ್ಯಾರಿಸ್ಸಿನ ಪೊಲೀಸ್ ಮುಖ್ಯಸ್ಥ ಲೆನ್ವಾರ್ 1780ರಲ್ಲಿ ಕೊಟ್ಟ ಲೆಕ್ಕದಂತೆ ವರ್ಷಕ್ಕೆ ಹುಟ್ಟುವ ಸುಮಾರು 21,000 ಮಕ್ಕಳಲ್ಲಿ ಹೆತ್ತ ತಾಯಿಯ ಹಾಲು ಕುಡಿಯುವವು 1,000ದಷ್ಟೂ ಇರಲಿಲ್ಲ. ಬಹುಪಾಲು ಮಕ್ಕಳು ಹಳ್ಳಿಯ ದಾದಿಯರ ಮನೆಗೆ ಹೋಗುತ್ತಿದ್ದವು, ಹೋದವುಗಳಲ್ಲಿ ಎಷ್ಟೋ ಮರಳಿ ಬರುತ್ತಿರಲಿಲ್ಲ. ಈ ಪದ್ಧತಿಯ ವಿರುದ್ಧ 1752ರಲ್ಲೇ ಸ್ವೀಡನ್ನಿನ ಕಾರ್ಲ್ ಲಿನೇಯಸ್ ಒಂದು ಪ್ರಬಂಧ ಪ್ರಕಟಿಸಿದ್ದ. ಆರು ವರ್ಷಗಳ ನಂತರ ಪ್ರಾಣಿಗಳನ್ನು ವರ್ಗೀಕರಿಸುವಾಗ ತಿಮಿಂಗಿಲದಿಂದ ಮನುಷ್ಯನವರೆಗಿನ ಇಡೀ ಗುಂಪಿಗೆ ಅವನೇ ಇಟ್ಟ ಹೆಸರು ಮೊಲೆಯಿಂದ ಬಂದದ್ದು. ಕನ್ನಡದಲ್ಲಿ ಅದು ಸಸ್ತನಿ. ಕೂದಲೋ ಕಿವಿಯ ಮೂಳೆಯೋ ಗುರುತಾಗಬಹುದಾಗಿದ್ದ ಜಾಗದಲ್ಲಿ ಮೊಲೆಯೇ ಗುರುತಾಯಿತು. ಆ ಕಾಲದ ದಾದಿಯರ ಜಗಳ ಆ ಹೆಸರಿನೊಳಗೆ ಇದೆ ಎಂದು ವಿಜ್ಞಾನದ ಇತಿಹಾಸಕಾರರು ವಾದಿಸಿದ್ದಾರೆ.

ಇಂಗ್ಲೆಂಡಿನಲ್ಲಿ ವೈದ್ಯ ವಿಲಿಯಂ ಕ್ಯಾಡೊಗನ್ 1748ರಲ್ಲಿ, ಲಂಡನ್ನಿನ ಅನಾಥಶಿಶು ಆಸ್ಪತ್ರೆಯ ಆಡಳಿತಗಾರರೊಬ್ಬರಿಗೆ ಬರೆದ ಪತ್ರವನ್ನೇ ಪುಸ್ತಕವಾಗಿ ಪ್ರಕಟಿಸಿದ. ಹುಟ್ಟಿದ ಮಗುವಿಗೆ ಬೆಣ್ಣೆ ಸಕ್ಕರೆ ತುರುಕುವುದನ್ನು ಬಿಟ್ಟು ಬೇಗ ತಾಯಿಯ ಎದೆಗೆ ಹಾಕಿ ಎಂದು ಅವನು ಹೇಳಿದ್ದು ದೊಡ್ಡ ತಿರುವು. ಬೇಗ ಹಾಲೂಡಿದ ತಾಯಂದಿರಿಗೆ ಎದೆ ಬಿಗಿದು ಬರುವ ಜ್ವರ ಕಡಿಮೆಯಾದದ್ದನ್ನು ಆಗ ಹೊಸದಾಗಿ ತೆರೆದಿದ್ದ ಹೆರಿಗೆ ಆಸ್ಪತ್ರೆಗಳ ವೈದ್ಯರೂ ಕಂಡರು. ಆದರೆ ಅದೇ ಕ್ಯಾಡೊಗನ್ ದಿನಕ್ಕೆ ಇಂತಿಷ್ಟೇ ಸಲ, ರಾತ್ರಿ ಬೇಡವೇ ಬೇಡ ಎಂದೂ ಬರೆದ; ಮಕ್ಕಳ ಪೋಷಣೆಯನ್ನು ಹೆಂಗಸರ ಕೈಗೆ ಬಿಟ್ಟದ್ದೇ ತಪ್ಪು, ಅದು ತಿಳಿದ ಗಂಡಸರ ಕೆಲಸ ಎಂಬುದು ಅವನ ನಂಬಿಕೆಯಾಗಿತ್ತು. ಒಂದು ಕಾವಲು ತೆಗೆದ ಕೈಯೇ ಇನ್ನೊಂದನ್ನು ಕೂರಿಸಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹಾಲು ಕಾರ್ಖಾನೆಯ ಸರಕಾಯಿತು. ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟಸ್ ಫಾನ್ ಲೀಬಿಗ್ 1865ರಲ್ಲಿ ಶಿಶು ಆಹಾರದ ಸೂತ್ರ ಪ್ರಕಟಿಸಿದ. ಸ್ವಿಟ್ಜರ್ಲೆಂಡಿನ ವೇವೇ ಪಟ್ಟಣದ ಹೆನ್ರಿ ನೆಸ್ಲೆ 1867ರಲ್ಲಿ ಹಾಲು, ಹಿಟ್ಟು ಸೇರಿಸಿದ ಪುಡಿ ತಂದ. ಹೆತ್ತವಳನ್ನು ಕಳೆದುಕೊಂಡ ಕೂಸಿಗೆ ಇದೊಂದು ಆಸರೆಯೇ ಆಗಿತ್ತು. ಆದರೆ ಅದು ಅಲ್ಲಿಗೆ ನಿಲ್ಲಲಿಲ್ಲ. ಹೆರಿಗೆಯೂ ಮನೆಯಿಂದ ಆಸ್ಪತ್ರೆಗೆ ಹೊರಟಿದ್ದ ಕಾಲ ಅದು. ಅಮೆರಿಕದಲ್ಲಿ 1900ರ ಹೊತ್ತಿಗೆ ನೂರಕ್ಕೆ ಐದಕ್ಕಿಂತ ಕಡಿಮೆ ಹೆರಿಗೆಗಳು ಆಸ್ಪತ್ರೆಯಲ್ಲಾಗುತ್ತಿದ್ದರೆ, ಐವತ್ತು ಅರವತ್ತು ವರ್ಷಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಅಲ್ಲೇ ಆಗತೊಡಗಿದವು. ಮಾರ್ಫಿನ್, ಸ್ಕೊಪೊಲಮಿನ್ ಕೊಟ್ಟು ಅರೆಪ್ರಜ್ಞೆಯಲ್ಲಿ ಹೆರಿಸುವುದು 1914ರ ಸುಮಾರಿಗೆ ಅಲ್ಲಿನ ಫ್ಯಾಷನ್ನೇ ಆಗಿತ್ತು. ಮಂಪರಿನ ತಾಯಿ ಒಂದು ವಾರ್ಡಿನಲ್ಲಿ, ಮಂಪರಿನ ಮಗು ಗಾಜಿನಾಚೆಯ ನರ್ಸರಿಯಲ್ಲಿ. ನಾಲ್ಕು ಗಂಟೆಗೊಮ್ಮೆ ಮಗುವನ್ನು ತಾಯಿಯ ಬಳಿ ತಂದು ಮತ್ತೆ ಒಯ್ಯುವುದು ನಿಯಮ. ನ್ಯೂಜಿಲೆಂಡಿನ ಟ್ರೂಬಿ ಕಿಂಗ್ 1907ರಲ್ಲಿ ಕಟ್ಟಿದ ಸಂಸ್ಥೆ ಎದೆಹಾಲಿನ ಪರವಾಗಿಯೇ ಇತ್ತು, ಆದರೆ ಗಡಿಯಾರದ ಪರವಾಗಿ ಇನ್ನೂ ಹೆಚ್ಚು. ಹೀಗೆ ಬೇರೆ ಇಡುವುದಕ್ಕೆ ಕೊಡುತ್ತಿದ್ದ ಕಾರಣ ಸೋಂಕಿನ ಭಯ. ಆ ಭಯ ಸುಳ್ಳಲ್ಲ. ಜನಸಂದಣಿಯ ವಾರ್ಡುಗಳಲ್ಲಿ ಮಕ್ಕಳು ಭೇದಿಯಿಂದ ಸಾಯುತ್ತಿದ್ದುದು ನಿಜ. ಆದರೆ ಒಂದೇ ಕೋಣೆಯಲ್ಲಿ ಇಪ್ಪತ್ತು ಮಕ್ಕಳನ್ನು ಕೂಡಿಟ್ಟು, ಭೇದಿಗೆ ಒಳ್ಳೆಯ ರಕ್ಷಣೆಯಾಗಿದ್ದ ಮೊದಲ ಹಾಲನ್ನು ತಪ್ಪಿಸುವುದು ಆ ಭಯಕ್ಕೆ ಉತ್ತರವಾಗಿರಲಿಲ್ಲ.

ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಆರೈಕೆಗೆ ಅಡಿಪಾಯ ಹಾಕಿದ ಪ್ಯಾರಿಸ್ಸಿನ ಪಿಯೇರ್ ಬುದ್ಯಾಂ ಈ ಅಪಾಯವನ್ನು ಬೇಗ ಗುರುತಿಸಿದವರಲ್ಲಿ ಒಬ್ಬ. ಮಗುವನ್ನು ದೂರವಿಟ್ಟು ಹಾಲೂಡಲು ಬಿಡದಿದ್ದರೆ ತಾಯಿಗೆ ಅದರ ಮೇಲಿನ ಆಸಕ್ತಿಯೇ ಕುಂದುತ್ತದೆ ಎಂದು 1900ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಅವನು ಎಚ್ಚರಿಸಿದ. ಅದಾಗಿ ಮೂರೇ ವರ್ಷಕ್ಕೆ, ಗಾಜಿನ ಪೆಟ್ಟಿಗೆಯಲ್ಲಿಟ್ಟ ಅಂಥ ಮಕ್ಕಳನ್ನು ನ್ಯೂಯಾರ್ಕಿನ ಕೋನಿ ಐಲೆಂಡ್ ಜಾತ್ರೆಯಲ್ಲಿ ಟಿಕೆಟ್ಟಿಗೆ ತೋರಿಸುವ ಪ್ರದರ್ಶನ ಶುರುವಾಯಿತು. ಮಾರ್ಟಿನ್ ಕೂನಿ ನಡೆಸಿದ ಅದು 1943ರವರೆಗೆ ನಡೆಯಿತು, ಅನೇಕ ಮಕ್ಕಳ ಜೀವವನ್ನೂ ಉಳಿಸಿತು. ನೋಡಲು ಬಂದವರು ಸಾಲುಗಟ್ಟಿದರು. ಹೆತ್ತವರಿಗೆ ಅಲ್ಲಿ ಮಾಡಲು ಕೆಲಸವಿರಲಿಲ್ಲ.

ಹಾಲಿನ ಡಬ್ಬಿ ವಸಾಹತುಗಳಿಗೆ ಬಂದಾಗ ಲೆಕ್ಕ ಬೇರೆಯಾಯಿತು. ಶುದ್ಧ ನೀರು, ಉರುವಲು, ಓದು ಇಲ್ಲದ ಕಡೆ ಬಾಟಲಿಯೇ ಭೇದಿಯ ದಾರಿ. ಸಿಂಗಪುರದಲ್ಲಿ ಸಿಹಿಗಟ್ಟಿಹಾಲನ್ನು ಶಿಶುಗಳಿಗೆ ಕುಡಿಸಿ ಆಗುತ್ತಿದ್ದ ಸಾವುಗಳನ್ನು ಕಂಡ ವೈದ್ಯೆ ಸಿಸಿಲಿ ವಿಲಿಯಮ್ಸ್, 1939ರಲ್ಲಿ ಅಲ್ಲಿನ ರೋಟರಿ ಕ್ಲಬ್ಬಿನ ಭಾಷಣದಲ್ಲಿ ಅದನ್ನು ಕೊಲೆ ಎಂದೇ ಕರೆದಳು. ಭಾರತದಲ್ಲಿ ಮೊದಲು ಆಮದಾದ ಡಬ್ಬಿಗಳದೇ ರಾಜ್ಯಭಾರ. ಆ ಅವಲಂಬನೆ ತಪ್ಪಿಸುವ ಕೆಲಸ ನಡೆದದ್ದು ಮೈಸೂರಿನಲ್ಲಿ. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಶುರುವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಶಿಶುವಿಗೆ ಒಗ್ಗದೆಂದು ಭಾವಿಸಲಾಗಿದ್ದ ಎಮ್ಮೆಹಾಲಿನಿಂದಲೇ ಶಿಶು ಆಹಾರದ ಪುಡಿ ತಯಾರಿಸುವ ವಿಧಾನ ಕಂಡುಹಿಡಿದರು; ಆಣಂದದ ಅಮುಲ್ ಅದನ್ನು ಮಾರುಕಟ್ಟೆಗೆ ತಂದಿತು. ದೇಶೀ ತಂತ್ರಜ್ಞಾನದ ಹೆಮ್ಮೆಯ ಕಥೆಯಾಗಿ ಇದು ಸರಿ. ಎದೆಹಾಲಿನ ಚರಿತ್ರೆಯಲ್ಲಿ ಅದರ ಜಾಗ ಅಷ್ಟು ನಿಚ್ಚಳವಲ್ಲ.

1974ರಲ್ಲಿ ಲಂಡನ್ನಿನ ವಾರ್ ಆನ್ ವಾಂಟ್ ಸಂಸ್ಥೆ ಬಡದೇಶಗಳಲ್ಲಿ ಹಾಲುಪುಡಿ ಮಾರುವ ರೀತಿಯ ಬಗ್ಗೆ ಕಿರುಪುಸ್ತಕ ತಂದಿತು, 1977ರಲ್ಲಿ ನೆಸ್ಲೆಯ ವಿರುದ್ಧ ಬಹಿಷ್ಕಾರ ಶುರುವಾಯಿತು, 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಧಿವೇಶನ ಮಾರಾಟ ಸಂಹಿತೆಯೊಂದನ್ನು ಒಪ್ಪಿತು. ಪರವಾಗಿ 118 ಮತ. ವಿರೋಧ ಒಂದೇ, ಅಮೆರಿಕದ್ದು. ಭಾರತ ಇದನ್ನು 1992ರಲ್ಲಿ ಕಾಯ್ದೆಯಾಗಿಸಿ, 2003ರಲ್ಲಿ ಬಿಗಿಗೊಳಿಸಿತು. ಶಿಶು ಆಹಾರ, ಹಾಲಿನ ಬಾಟಲಿಗಳ ಜಾಹೀರಾತು ಇಲ್ಲಿ ಅಪರಾಧ. ಮಗುವಿನ ಚಿತ್ರವನ್ನು ಡಬ್ಬಿಯ ಮೇಲೆ ಹಾಕುವಂತಿಲ್ಲ.

ಹಾಲಿನ ಸುತ್ತ ಇಷ್ಟೆಲ್ಲ ನಡೆಯುವಾಗ ಮಗುವಿನ ಕಡೆಗೆ ಕಣ್ಣು ಹೋದದ್ದು ತಡವಾಗಿ, ಅದೂ ತಾಯಿಯ ಮೂಲಕ. ಅಮೆರಿಕದ ಪೀಟರ್ ಕ್ಲಾಪ್‌ಫರ್ 1964ರಲ್ಲಿ ಮೇಕೆಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಈದ ಕೂಡಲೇ ಐದು ನಿಮಿಷ ಮರಿಯನ್ನು ನೆಕ್ಕಿ ಮೂಸಲು ಬಿಟ್ಟ ತಾಯಿ ಆಮೇಲೆ ಬೇರ್ಪಡಿಸಿದರೂ ಮರಿಯನ್ನು ಸೇರಿಸಿಕೊಂಡಿತು. ಆ ಐದು ನಿಮಿಷ ಸಿಗದ್ದು ಹಾಯ್ದು ಓಡಿಸಿತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕ್ಲೀವ್‌ಲೆಂಡಿನ ಮಕ್ಕಳ ವೈದ್ಯರಾದ ಮಾರ್ಷಲ್ ಕ್ಲಾಸ್ ಮತ್ತು ಜಾನ್ ಕೆನೆಲ್ 1972ರಲ್ಲಿ 28 ಚೊಚ್ಚಲ ತಾಯಂದಿರ ಅಧ್ಯಯನ ಪ್ರಕಟಿಸಿದರು. 14 ಜನರಿಗೆ ಆಸ್ಪತ್ರೆಯ ಮಾಮೂಲು ಕ್ರಮ: ಹುಟ್ಟಿದಾಗ ಒಂದು ನೋಟ, ಆಮೇಲೆ ನಾಲ್ಕು ಗಂಟೆಗೊಮ್ಮೆ ಹಾಲು ಕುಡಿಸಲು ಅರ್ಧ ಗಂಟೆಯ ಭೇಟಿ. ಉಳಿದ 14 ಜನರಿಗೆ ಮೊದಲ ಮೂರು ದಿನಗಳಲ್ಲಿ ಒಟ್ಟು 16 ಗಂಟೆ ಹೆಚ್ಚುವರಿ ಒಡನಾಟ. ತಿಂಗಳು ಕಳೆದ ಮೇಲೆ ನೋಡಿದಾಗ ಎರಡನೆಯ ಗುಂಪಿನವರು ಮಗುವನ್ನು ಹೆಚ್ಚು ಮುದ್ದಿಸುತ್ತಿದ್ದರು, ಕಣ್ಣಿಗೆ ಕಣ್ಣು ಕೊಟ್ಟು ನೋಡುತ್ತಿದ್ದರು. ಈ ಪುಟ್ಟ ಅಧ್ಯಯನ ಅಮೆರಿಕದ ಆಸ್ಪತ್ರೆಗಳ ಬಾಗಿಲು ತೆರೆಸಿತು. ಗಂಡಂದಿರೂ ಒಳಗೆ ಬಂದರು. ಆದರೆ ಅದರಿಂದ ಹುಟ್ಟಿದ ಅತಿರೇಕವೂ ಇದೆ. ಮೊದಲ ಗಂಟೆ ತಪ್ಪಿದರೆ ಬಾಂಧವ್ಯವೇ ತಪ್ಪಿತು ಎಂಬ ಭಯ ಹಬ್ಬಿ, ಸಿಸೇರಿಯನ್ ಆದವರು, ದತ್ತು ಪಡೆದವರು ಸುಮ್ಮನೆ ನೊಂದರು. ಮನುಷ್ಯ ಮೇಕೆಯಲ್ಲ. ಇಲ್ಲಿ ಬಾಂಧವ್ಯ ತಿಂಗಳುಗಟ್ಟಲೆ ಎತ್ತಿ ಆಡಿಸುವುದರಲ್ಲಿ, ಉಣಿಸುವುದರಲ್ಲಿ, ಅಳು ಅರ್ಥಮಾಡಿಕೊಳ್ಳುವುದರಲ್ಲಿ ಕೂಡುತ್ತದೆ. ಡಯೇನ್ ಐಯರ್ 1992ರಲ್ಲಿ ಇಡೀ ಸಿದ್ಧಾಂತವನ್ನೇ ವೈಜ್ಞಾನಿಕ ಕಟ್ಟುಕಥೆ ಎಂದು ತಳ್ಳಿಹಾಕಿದ್ದು ಇನ್ನೊಂದು ತುದಿ. ಮೊದಲ ಗಂಟೆ ಬಾಂಧವ್ಯದ ಮುಹೂರ್ತವಲ್ಲದಿರಬಹುದು. ಹಾಲೂಡಿಕೆಗೆ ಅದು ಒಳ್ಳೆಯ ಆರಂಭ ಎಂಬುದಕ್ಕೆ ಮಾತ್ರ ಸಾಕ್ಷ್ಯ ಬೇರೆ ಕಡೆಯಿಂದ ಬಂತು.

ಅದು ಬಂದದ್ದು ಸ್ಟಾಕ್‌ಹೋಮಿನಿಂದ. ಆನ್ ಮರಿ ವಿಡ್‌ಸ್ಟ್ರಾಮ್ ಎಂಬ ಸೂಲಗಿತ್ತಿ ಮತ್ತು ಸಂಗಡಿಗರು ಪರೀಕ್ಷಿಸಲು ಹೊರಟದ್ದು ಬೇರೆಯದನ್ನೇ: ಹುಟ್ಟಿದ ಮಗುವಿನ ಹೊಟ್ಟೆಯೊಳಗಿನ ದ್ರವವನ್ನು ನಳಿಕೆ ಹಾಕಿ ಹೀರಿ ತೆಗೆಯುವ ರೂಢಿ ಅಗತ್ಯವೇ ಎಂಬುದನ್ನು. ಹೋಲಿಸಲೆಂದು ಕೆಲವು ಮಕ್ಕಳನ್ನು ಏನೂ ಮಾಡದೆ ತಾಯಿಯ ಎದೆಯ ಮೇಲೆ ಬಿಟ್ಟರು. ಆ ಮಕ್ಕಳು ಒಂದೇ ಕ್ರಮದಲ್ಲಿ ನಡೆದುಕೊಂಡವು. ಮೊದಲ ಕಾಲು ಗಂಟೆ ಹೆಚ್ಚುಕಡಿಮೆ ನಿಶ್ಚಲ. ಆಮೇಲೆ ತುಟಿ ಲೊಚಗುಟ್ಟುವುದು, ತಲೆ ಅತ್ತಿತ್ತ ಆಡಿಸಿ ಹುಡುಕುವುದು. ಸರಾಸರಿ 34ನೆಯ ನಿಮಿಷಕ್ಕೆ ಕೈ ಬಾಯಿಗೆ. ಸುಮಾರು 55ನೆಯ ನಿಮಿಷಕ್ಕೆ ಮೊಲೆತೊಟ್ಟು ಬಾಯಲ್ಲಿ. ನಳಿಕೆ ಹಾಕಿಸಿಕೊಂಡ ಮಕ್ಕಳಲ್ಲಿ ಈ ಕ್ರಮ ಕದಡಿತ್ತು. 1987ರ ಆ ಪ್ರಬಂಧದ ಶೀರ್ಷಿಕೆಯಲ್ಲೂ ನಳಿಕೆಯದೇ ಮುಖ್ಯ ಮಾತು. ವಿಡ್‌ಸ್ಟ್ರಾಮ್ ಮುಂದೆ 2011ರಲ್ಲಿ ಈ ಪಯಣವನ್ನು ಅಳುವಿನಿಂದ ನಿದ್ದೆಯವರೆಗೆ ಒಂಬತ್ತು ಹಂತಗಳಾಗಿ ವಿವರಿಸಿದರು. ನಡುನಡುವೆ ಮಗು ಸುಮ್ಮನೆ ದಣಿವಾರಿಸಿಕೊಳ್ಳುವುದೂ ಒಂದು ಹಂತ. ನೋಡುವವರಿಗೆ ಅದು ಸೋತು ಬಿಟ್ಟುಬಿಟ್ಟಂತೆ ಕಾಣುತ್ತದೆ. ಕೈಹಾಕಿ ಸಹಾಯ ಮಾಡಬೇಕೆನ್ನಿಸುವ ಗಳಿಗೆಯೂ ಅದೇ.

ಇದರ ಹಿಂದೆಯೇ ಬಂದ ಎರಡು ಕೆಲಸಗಳು ಹಳೆಯ ಪದ್ಧತಿಗಳ ಮೇಲೆ ಬೆಳಕು ಚೆಲ್ಲಿದವು. 1990ರಲ್ಲಿ ರಿಗಾರ್ಡ್ ಮತ್ತು ಅಲಾದೆ 72 ಮಕ್ಕಳನ್ನು ನೋಡಿದರು. ಮೊದಲ ಹಾಲಿನವರೆಗೆ ಎದೆಯ ಮೇಲೇ ಬಿಟ್ಟಿದ್ದ 38ರಲ್ಲಿ 24 ಮಕ್ಕಳು ಸರಿಯಾಗಿ ಚೀಪಿದವು. ತೂಕ, ಅಳತೆಗೆಂದು ಇಪ್ಪತ್ತು ನಿಮಿಷಗಳ ಮೇಲೆ ಎತ್ತಿ ಒಯ್ದಿದ್ದ 34ರಲ್ಲಿ 7 ಮಾತ್ರ. ಹೆರಿಗೆ ನೋವಿಗೆ ಪೆಥಿಡಿನ್ ಪಡೆದಿದ್ದ ತಾಯಂದಿರ ಮಕ್ಕಳಲ್ಲಂತೂ ಹೆಚ್ಚಿನವು ಚೀಪಲೇ ಇಲ್ಲ. 1994ರಲ್ಲಿ ಎಸ್ಟೋನಿಯಾದ ತಾರ್ತುವಿನಲ್ಲಿ ಹೆಯಿಲಿ ವಾರೆಂಡಿ ತಾಯಿಯ ಒಂದು ಎದೆಯನ್ನಷ್ಟೇ ತೊಳೆದು ಮಗುವನ್ನು ನಡುವೆ ಮಲಗಿಸಿದರು. 30 ಮಕ್ಕಳಲ್ಲಿ 22 ಆರಿಸಿಕೊಂಡದ್ದು ತೊಳೆಯದ ಎದೆಯನ್ನು. ಗರ್ಭದ ನೀರಿನ ವಾಸನೆಯನ್ನು ಹೋಲುವ ಮೊಲೆಯ ವಾಸನೆಯೇ ಮಗುವಿಗೆ ದಾರಿದೀಪ. ಉತ್ತರ ಭಾರತದ ಹಲವೆಡೆ ಮೊದಲ ಹಾಲಿಗೆ ಮುನ್ನ ನಾದಿನಿ ಬಂದು ಬಾಣಂತಿಯ ಎದೆ ತೊಳೆಯುವ ಶಾಸ್ತ್ರವೂ, ಆಸ್ಪತ್ರೆಗಳ ಸೋಪು, ಸ್ಪಿರಿಟ್ಟೂ ಒರೆಸಿಹಾಕುತ್ತಿದ್ದುದು ಆ ಗುರುತನ್ನು. 2001ರಲ್ಲಿ ಇನ್ನೊಂದು ಅಂಶ ಸೇರಿತು: ಹುಡುಕುವಾಗ ಮಗು ಪುಟ್ಟ ಕೈಗಳಿಂದ ಎದೆಯನ್ನು ನೀವುವುದು ಸುಮ್ಮನೆ ಅಲ್ಲ, ಅದರಿಂದ ತಾಯಿಯ ರಕ್ತದಲ್ಲಿ ಆಕ್ಸಿಟೋಸಿನ್ ಏರುತ್ತದೆ. ಆ ಏರಿಕೆ ಹಾಲನ್ನೂ ಇಳಿಸುತ್ತದೆ, ಗರ್ಭಕೋಶವನ್ನೂ ಬಿಗಿಯಿಸುತ್ತದೆ.

ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಈ ಸಾಮರ್ಥ್ಯ ಪೂರ್ತಿ ಬಂದಿರುವುದಿಲ್ಲ. ಗರ್ಭದಲ್ಲೇ ಮಗು ನುಂಗಲು, ಚೀಪಲು ಕಲಿತಿರುತ್ತದಾದರೂ ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಹದ ಬರುವುದು ಸುಮಾರು 34 ವಾರಗಳ ಹೊತ್ತಿಗೆ. ಅದಕ್ಕೆ ಮೊದಲು ಹುಟ್ಟಿದ ಮಕ್ಕಳಿಗೆ ಗಾಜಿನ ಪೆಟ್ಟಿಗೆಯೇ ಗತಿ ಎಂಬ ನಂಬಿಕೆ ಸಡಿಲವಾದದ್ದು ಬಡತನದಿಂದ. ಕೊಲಂಬಿಯಾದ ಬೊಗೊಟಾದಲ್ಲಿ ಪೆಟ್ಟಿಗೆಗಳು ಸಾಲದೆ, ಒಂದರಲ್ಲೇ ಹಲವು ಮಕ್ಕಳನ್ನಿಟ್ಟು ಸೋಂಕು ಹಬ್ಬುತ್ತಿದ್ದಾಗ, 1978ರಲ್ಲಿ ವೈದ್ಯ ಎಡ್ಗರ್ ರೇ ಸನಾಬ್ರಿಯಾ ಮಕ್ಕಳನ್ನು ತಾಯಂದಿರ ಎದೆಗೆ ಕಟ್ಟಿ ಕಳಿಸತೊಡಗಿದ. ಕಾಂಗರೂ ಆರೈಕೆ ಎಂದು ಹೆಸರಾದ ಈ ಕ್ರಮ ಕರ್ನಾಟಕದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಕೊಪ್ಪಳ ಜಿಲ್ಲೆಯಲ್ಲಿ; ಕಡಿಮೆ ತೂಕದ ಮಕ್ಕಳಿಗೆ ಆಸ್ಪತ್ರೆಯಲ್ಲಿ ಶುರುಮಾಡಿ ಮನೆಯಲ್ಲೂ ಮುಂದುವರಿಸುವುದು ಹೇಗೆಂದು ಅಲ್ಲಿ ಅಧ್ಯಯನವಾಯಿತು. ಮಗು ಸ್ಥಿರವಾಗುವವರೆಗೆ ಕಾಯದೆ ಹುಟ್ಟಿದ ಕೂಡಲೇ ಎದೆಗೆ ಹಾಕಿದರೆ ಏನಾಗುತ್ತದೆ ಎಂಬುದನ್ನು ದೆಹಲಿಯೂ ಸೇರಿ ಐದು ದೇಶಗಳ ಐದು ಆಸ್ಪತ್ರೆಗಳಲ್ಲಿ 3,211 ಮಕ್ಕಳ ಮೇಲೆ ನೋಡಿ 2021ರಲ್ಲಿ ಪ್ರಕಟಿಸಿದರು. ಮೊದಲ 28 ದಿನಗಳ ಸಾವು ಶೇ. 15.7ರಿಂದ 12ಕ್ಕೆ ಇಳಿಯಿತು. ಇದಕ್ಕಾಗಿ ಆಸ್ಪತ್ರೆಗಳು ನವಜಾತ ಶಿಶುಗಳ ತೀವ್ರ ನಿಗಾ ಘಟಕದೊಳಗೇ ತಾಯಿಗೆ ಮಂಚ ಹಾಕಬೇಕಾಯಿತು.

ದಿನ ತುಂಬಿ ಹುಟ್ಟಿದ ಮಕ್ಕಳ ವಿಷಯದಲ್ಲಿ ನಿಯಮಗಳು ಬದಲಾದದ್ದು ಹಂತಹಂತವಾಗಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1989ರಲ್ಲಿ ಆಸ್ಪತ್ರೆಗಳಿಗೆ ಕೊಟ್ಟ ಹತ್ತು ಸೂತ್ರಗಳಲ್ಲಿ ನಾಲ್ಕನೆಯದು, ಹುಟ್ಟಿದ ಅರ್ಧ ಗಂಟೆಯೊಳಗೆ ಹಾಲೂಡಿಸಲು ತಾಯಿಗೆ ನೆರವಾಗಿ ಎಂದಿತ್ತು. ಮಗುವಿನ ಗಡಿಯಾರಕ್ಕೆ ಅರ್ಧ ಗಂಟೆ ಸಾಲದು. ಅವಸರದಲ್ಲಿ ಮಗುವಿನ ತಲೆ ಹಿಡಿದು ಎದೆಗೆ ಒತ್ತುವ ರೂಢಿ ಬಂತು, ಮಗು ಸೆಟೆದು ಹಿಂದೆ ಸರಿಯುತ್ತಿತ್ತು. 2018ರ ಪರಿಷ್ಕರಣೆಯಲ್ಲಿ ಮಾತಿನ ಒತ್ತು ಮೈಗೆ ಮೈ ತಾಗಿಸಿ ಬಿಡುವುದರ ಕಡೆಗೆ ಹೊರಳಿತು. ಈ ನಡುವೆ 2006ರಲ್ಲಿ ಘಾನಾದ ಸುಮಾರು 11,000 ಮಕ್ಕಳ ಅಧ್ಯಯನ, ಎಲ್ಲರಿಗೂ ಮೊದಲ ಗಂಟೆಯೊಳಗೆ ಎದೆಹಾಲು ಸಿಕ್ಕಿದರೆ ನವಜಾತ ಶಿಶುಗಳ ಸಾವಿನಲ್ಲಿ ಶೇ. 22ರಷ್ಟನ್ನು ತಡೆಯಬಹುದೆಂದು ಅಂದಾಜಿಸಿತು. ಮಗು ತೆವಳಿ ಎದೆ ಸೇರುವ ಈ ದೃಶ್ಯವನ್ನು ಯುನಿಸೆಫ್ 2007ರಲ್ಲಿ ಮುಂಬಯಿಯ ವೈದ್ಯರೊಂದಿಗೆ ಚಿತ್ರೀಕರಿಸಿ ಹಂಚಿತು. 2016ರಲ್ಲಿ ಕೇಂದ್ರ ಸರ್ಕಾರ ಎದೆಹಾಲೂಡಿಕೆಯನ್ನು ಉತ್ತೇಜಿಸಲು ‘ಮಾ’ ಹೆಸರಿನ ಕಾರ್ಯಕ್ರಮ ಆರಂಭಿಸಿತು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳು ಈ ಪ್ರಯತ್ನಗಳ ಪಕ್ಕದಲ್ಲಿ ಸ್ವಲ್ಪ ಮುಜುಗರ ತರುತ್ತವೆ. 2015-16ರಿಂದ 2019-21ರ ನಡುವೆ ಭಾರತದಲ್ಲಿ ಆಸ್ಪತ್ರೆ ಹೆರಿಗೆಗಳ ಪ್ರಮಾಣ ಶೇ. 78.9ರಿಂದ 88.6ಕ್ಕೆ ಏರಿತು, ಮೊದಲ ಗಂಟೆಯೊಳಗೆ ಎದೆಹಾಲು ಸಿಕ್ಕ ಮಕ್ಕಳ ಪ್ರಮಾಣ 41.6ರಿಂದ 41.8ಕ್ಕೆ ಬಂದು ನಿಂತಿತು. ಬತ್ತಿ, ಹರಳೆಣ್ಣೆಗಳ ಕಾಲ ಬಹುಮಟ್ಟಿಗೆ ಮುಗಿದರೂ ಅವುಗಳ ಜಾಗಕ್ಕೆ ಬೇರೆ ಕಾರಣಗಳು ಬಂದಿವೆ: ತೂಕದ ಯಂತ್ರ, ಬೆಚ್ಚನೆಯ ದೀಪದ ಮೇಜು, ಹೊರಗೆ ಕಾಯುತ್ತಿರುವ ನೆಂಟರಿಗೆ ಮಗು ತೋರಿಸುವ ಸಂಭ್ರಮ, ಎಲ್ಲಕ್ಕಿಂತ ಹೆಚ್ಚಾಗಿ ಸಿಸೇರಿಯನ್. ಕರ್ನಾಟಕದಲ್ಲಿ 2019-21ರ ಅದೇ ಸಮೀಕ್ಷೆಯ ಪ್ರಕಾರ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಾಗಿದ್ದವು, 31ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಯಿಂದ. ಆಪರೇಷನ್ ಮೇಜಿನ ಮೇಲೆ ತಾಯಿಯ ಒಂದು ತೋಳಿಗೆ ಡ್ರಿಪ್, ಇನ್ನೊಂದಕ್ಕೆ ರಕ್ತದೊತ್ತಡದ ಪಟ್ಟಿ, ಎದೆಯ ಮೇಲೆ ಹೃದಯದ ಬಡಿತ ನೋಡುವ ತಂತಿಗಳು, ಹೊಟ್ಟೆಯ ಮೇಲೆ ಇನ್ನೂ ಹೊಲಿಗೆ. ಮಗು ತೆವಳಿ ಬರಬೇಕಾದ ದಾರಿಯೇ ಅಲ್ಲಿಲ್ಲ. ಕೆಲವು ಆಸ್ಪತ್ರೆಗಳಲ್ಲಿ ಈಗ ಆ ತಂತಿಗಳನ್ನು ಭುಜದ ಕಡೆಗೂ ಬೆನ್ನಿನ ಕಡೆಗೂ ಸರಿಸಿ, ಮಗುವನ್ನು ಉದ್ದಕ್ಕಲ್ಲದೆ ಅಡ್ಡಕ್ಕೆ, ತಾಯಿಯ ಕುತ್ತಿಗೆಯ ಕೆಳಗೆ ಮಲಗಿಸಿ, ಒಬ್ಬ ನರ್ಸು ಬೀಳದಂತೆ ಕೈ ಆನಿಸಿ ನಿಲ್ಲುತ್ತಾಳೆ.